ನಮ್ಮ ಕರಿಕಲ್ಲಿನ ಕೆಳಗ ಏನೈತಿ? ಜನ ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಓದಿದ್ದು ಭೂವಿಜ್ಞಾನ, ಹೊಟ್ಟಿಪಾಡಿಗೆ ಮಾಡೂದು ಬೋರ್ ಪಾಯಿಂಟ್ ತೋರಸೋ ಕೆಲಸ. ವಿಜಯಪುರ, ಬಾಗಲಕೋಟ ಎರಡೂ ಜಿಲ್ಲಾದಾಗ ತಿರಗ್ತೀನಿ. ಬೋರ್ ಗಾಡಿ ಬಂದ ರಾತ್ರಿ ಹೊಲದ ಬದುವಿಗೆ ಕುಂತು ಕಾಯೂದ ಇರತೈತಿ, ಆವಾಗ ಜನ ಕೇಳಿದ್ದು, ಆಮ್ಯಾಗ ಫೋನಿನ್ಯಾಗ ಕೇಳಿದ್ದು, ಇಬ್ಬರು ಮಾಸ್ತರು ಪತ್ರ ಬರದು ಕೇಳಿದ್ದು, ಬೀಗರ ಮನ್ಯಾಗ ಊಟಕ್ಕ ಕುಂತಾಗ ಕೇಳಿದ್ದು ಎಲ್ಲಾ ಇಲ್ಲಿ ಹಾಕೀನಿ. ಪ್ರಶ್ನೆ ಅವರ ಬಾಯಾಗ ಬಂದಂಗ ಇಟ್ಟೀನಿ, ತಿದ್ದಿಲ್ಲ.

## ಮೊದಲು ಎಲ್ಲಾರೂ ಕೇಳೂದು

ಸರ, ಬೋರ್ ಹಂಗ ಹೊಡಕೋಂತ ಹೋದ್ರ ಕಡೀಕ ಬೆಂಕಿ ಹತ್ತತೈತಂತ, ಖರೇನ್ರಿ?

ಇಲ್ರಿ. ನೀರು ಬೀಳದ ಬೋರಿನಿಂದ ಬೆಳ್ಳಗ ಬುಸುಬುಸು ಅಂತ ಏಳತೈತಲ್ಲ, ಅದನ್ನ ನೋಡಿ ಹೊಗಿ ಅಂತಾರ, ಅದು ಹೊಗಿ ಅಲ್ಲ, ಕಂಪ್ರೆಸರ್ ಗಾಳಿ ಮ್ಯಾಲ ತರೋ ಕಲ್ಲಿನ ಪುಡಿ. ಕೆಳಗ ಹೋದಂಗ ಬಿಸಿ ಏರೂದು ಮಾತ್ರ ಖರೆ, ಜಗತ್ತಿನ ಸರಾಸರಿ ತಗೊಂಡ್ರ ಕಿಲೋಮೀಟರಿಗೆ 25ರಿಂದ 30 ಡಿಗ್ರಿ, ನಮ್ಮ ದಕ್ಷಿಣದ ಹಳೇ ನೆಲದಾಗ ಅದಕ್ಕೂ ಕಡಿಮಿ. ಕೆಜಿಎಫ್ ಗಣಿ 3 ಕಿಲೋಮೀಟರಿಗಿಂತ ಆಳ ಹೋಗಿತ್ತು, ಅಲ್ಲಿ ಬಂಡಿ ಮುಟ್ಟಿದ್ರ ಕೈ ಚುರ್ ಅನ್ನೂವಷ್ಟು ಬಿಸಿ, ಆದ್ರ ಬೆಂಕಿ ಎಲ್ಲೂ ಇರಲಿಲ್ಲ, ಜನ ಇಳದು ದುಡೀತಿದ್ರು.

ಮನುಷ್ಯಾ ನೆಟ್ಟಗ ಹೊಡದಿರೋ ಅತೀ ಆಳದ ಬೋರ್ ರಷ್ಯಾದ ಕೋಲಾದಾಗ ಐತಿ. 1970ಕ್ಕ ಸುರು ಮಾಡಿದ್ರು, 1989ಕ್ಕ 12,262 ಮೀಟರ್ ಮುಟ್ಟಿದ್ರು, ನಮ್ಮ ಬೋರ್ ಗಾಡಿಯವರ ಲೆಕ್ಕದಾಗ 40 ಸಾವಿರ ಫೂಟ್ ಆತು ನೋಡ್ರಿ. ತೂತಿನ ಅಗಲ ಬರೇ 9 ಇಂಚು. 100 ಡಿಗ್ರಿ ಇರಬಹುದು ಅಂದ್ಕೊಂಡಲ್ಲಿ 180 ಡಿಗ್ರಿ ಬಂತು, ಕಲ್ಲು ಮೆತ್ತಗಾಗಿ ಕೊರದ ತೂತು ಮುಚ್ಕೊಳ್ಳಾಕ ಹತ್ತು, ಅಲ್ಲಿಗೆ ಕೈಬಿಟ್ರು. ಅಷ್ಟು ಇಳದ ಮ್ಯಾಗೂ ಸಿಕ್ಕಿದ್ದು ಕಲ್ಲ. ಭೂಮಿ ನಟ್ಟನಡುವಿನ ತನಕ 6,371 ಕಿಮೀ ಐತಿ, ಅವರು ಹೋಗಿದ್ದು 12. ಉಳ್ಳಾಗಡ್ಡಿ ಸಿಪ್ಪಿ ಕೂಡ ಪೂರಾ ತೂತು ಬಿದ್ದಿಲ್ಲ.

ಒಳಗ ಎಷ್ಟು ಪದರ ಅದಾವ, ನಮಗ ತಿಳಿಯೂವಂಗ ಹೇಳ್ರಿ

ವಿಜಯಪುರದಿಂದ ಬಸವನ ಬಾಗೇವಾಡಿ ರಸ್ತಾ ಐತಲ್ಲ, ಅದನ್ನ ಎತ್ತಿ ನೆಲದಾಗ ನೆಟ್ಟಗ ಇಳಿಸಿದ್ರಿ ಅಂತ ತಿಳ್ಕೋರಿ. 40 ಕಿಮೀ ಹತ್ರ ಹತ್ರ, ಅಲ್ಲಿಗೆ ತೊಗಟಿ ಮುಗೀತು. ಟಿಬೆಟ್ ಕೆಳಗ ಇದ ತೊಗಟಿ 70 ಕಿಮೀ ದಪ್ಪ ಐತಿ, ಸಮುದ್ರದ ತಳದಾಗ 7 ಕಿಮೀ ಅಷ್ಟ. ತೊಗಟಿ ಕೆಳಗ ಮ್ಯಾಂಟಲ್, 2,890 ಕಿಮೀ ಆಳದ ತನಕ, ಇಲ್ಲಿಂದ ಕಾಶ್ಮೀರಕ್ಕ ಹೋದ್ರೂ ಅಷ್ಟು ದೂರ ಆಗೂದಿಲ್ಲ. ಭೂಮಿ ಗಾತ್ರದಾಗ ಶೇಕಡಾ 84 ಪಾಲು ಇದ. ಅದರ ಕೆಳಗ ಹೊರಗರ್ಭ, 5,150 ಕಿಮೀ ತನಕ, ಕರಗಿದ ಕಬ್ಬಿಣ ಮತ್ತ ನಿಕ್ಕಲ್. ಪೂರ್ತಿ ಕರಗಿ ನೀರಾಗಿರೋ ಪದರ ಅಂದ್ರ ಅದೊಂದ. ನಡುವ 1,220 ಕಿಮೀ ತ್ರಿಜ್ಯದ ಗಟ್ಟಿ ಕಬ್ಬಿಣದ ಗುಂಡು, ಅದು ಒಳಗರ್ಭ.

ಇಲ್ಲಿ ನನ್ನದೊಂದು ಸಿಟ್ಟು ಐತಿ. ಚಿತ್ರ ಬರಿಯವರು ಮ್ಯಾಂಟಲಿಗೆ ಕೆಂಪು, ಕೇಸರಿ ಬಣ್ಣ ಹಚ್ಚಿ ಹಚ್ಚಿ ಎಲ್ಲಾರ ತಲ್ಯಾಗ ಲಾವಾದ ಸಮುದ್ರ ತುಂಬ್ಯಾರ. ಮ್ಯಾಂಟಲ್ ಕಲ್ಲು, ಗಟ್ಟಿ ಕಲ್ಲು, ಅದರ ಮ್ಯಾಲಿನ ಭಾಗದ ತುಣುಕು ಜ್ವಾಲಾಮುಖಿ ಜೋಡಿ ಮ್ಯಾಲ ಬಂದಾಗ ನೋಡಿದ್ರ ಹಸರು ಬಣ್ಣ ಇರತೈತಿ. ಹಸರು ಹಚ್ರಿ ಅಂತ ಒಬ್ಬ ಮಾಸ್ತರಿಗೆ ಹೇಳಿದೆ, ಹುಡುಗರು ಪರೀಕ್ಷಾದಾಗ ಮಾರ್ಕ್ಸ್ ಕಳ್ಕೋತಾರ್ರೀ ಅಂದ್ರು.

ಯಾರೂ ಇಳದು ನೋಡಿಲ್ಲ ಅಂದ್ಮ್ಯಾಗ ಇದೆಲ್ಲಾ ಹೆಂಗ ಗೊತ್ತಾತು, ಅಂದಾಜ ಹೌದಲ್ಲೋ?

ಸಂತ್ಯಾಗ ಕಲ್ಲಂಗಡಿ ಹೆಂಗ ತಗೋತೀರಿ? ಕೊಯ್ಯೂಕಿಂತ ಮೊದಲ ಬಡದು ಸಪ್ಪಳ ಕೇಳ್ತೀರಲ್ಲ. ಭೂಮಿಗೆ ಬಡಿಯೂದು ಭೂಕಂಪ. ದೊಡ್ಡ ಭೂಕಂಪ ಆದಾಗ ಅಲೆಗಳು ಭೂಮಿ ಹೊಟ್ಟಿ ಒಳಗ ಹಾದು ಆ ಕಡಿ ಬರತಾವ, ಎಷ್ಟು ನಿಮಿಷಕ್ಕ ಬಂದ್ವು, ಯಾವ ಕಡಿ ಬಾಗಿದ್ವು ಅಂತ ಲೆಕ್ಕ ಹಾಕಿದ್ರ ನಡುವ ಏನೈತಿ ಗೊತ್ತಾಗತೈತಿ. ಅಲೆ ಎರಡು ಥರ. ಒಂದು ಪಿ ಅಲೆ, ಒತ್ತಿ ಬಿಟ್ಟು ಒತ್ತಿ ಬಿಟ್ಟು ಹೋಗೂದು, ಇದು ಕಲ್ಲಿನ್ಯಾಗೂ ಹೋಗತೈತಿ ನೀರಿನ್ಯಾಗೂ ಹೋಗತೈತಿ. ಇನ್ನೊಂದು ಎಸ್ ಅಲೆ, ಹಗ್ಗ ಜಾಡಿಸಿದಂಗ ಅಡ್ಡಡ್ಡ ಅಲುಗೂದು, ಇದು ದ್ರವದಾಗ ಹೋಗೂದಿಲ್ಲ. 2,890 ಕಿಮೀ ಕೆಳಗ ಎಸ್ ಅಲೆ ಹಾಯೂದಿಲ್ಲ, ಅಂದ್ರ ಅಲ್ಲಿ ಕರಗಿದ್ದು ಐತಿ. ಮ್ಯಾಂಟಲ್ ಒಳಗ ಆರಾಮ ಹಾಯತೈತಿ, ಅಂದ್ರ ಅದು ಗಟ್ಟಿ. ಲಾವಾ ಸಮುದ್ರದ ಕಥಿ ಅಲ್ಲೇ ಮುಗೀತು.

ಇದರಾಗ ನಮ್ಮ ದೇಶದ ಪಾಲೂ ಐತಿ. 1897ರಾಗ ಅಸ್ಸಾಂ, ಶಿಲ್ಲಾಂಗ್ ಕಡೆ ಭಾರೀ ಭೂಕಂಪ ಆತು, ಅದನ್ನ ತನಿಖಿ ಮಾಡಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣದ ರಿಚರ್ಡ್ ಓಲ್ಡಮ್. ಆ ದಾಖಲಿ ಹಿಡದು ಅಲೆ ಬ್ಯಾರೆ ಬ್ಯಾರೆ ಮಾಡಿ ತೋರಿಸಿದ್ರು, 1906ಕ್ಕ ಭೂಮಿಗೆ ಗರ್ಭ ಐತಿ ಅಂತ ಹೇಳಿದ್ರು. ಒಳಗಿನ ಗಟ್ಟಿ ಗುಂಡು ಕಂಡುಹಿಡದಾಕಿ ಡೆನ್ಮಾರ್ಕಿನ ಇಂಗೆ ಲೇಮನ್, 1936ರಾಗ. ಕಂಪ್ಯೂಟರ್ ಇಲ್ಲದ ಕಾಲ, ಆ ತಾಯಿ ಅಲೆಗಳ ಲೆಕ್ಕ ಚೀಟಿಯೊಳಗ ಬರದು ಓಟ್ಸಿನ ಡಬ್ಬಿಯೊಳಗ ಜೋಡಿಸಿ ಇಡ್ತಿದ್ದಳಂತ.

ಮತ್ತೊಂದು ಸರಳ ಪುರಾವೆ, ತೂಕ. ನಮ್ಮ ಕೈಗೆ ಸಿಗೋ ಕಲ್ಲು ನೀರಿಗಿಂತ ಎರಡೂವರೆ, ಮೂರು ಪಟ್ಟು ಭಾರ, ಇಡೀ ಭೂಮಿ ಸರಾಸರಿ ಐದೂವರೆ ಪಟ್ಟು. ಒಳಗ ಎಲ್ಲೋ ಬಾಳ ಭಾರದ್ದು ಇರಬೇಕಲ್ಲ.

ನಡುವ 5,000 ಡಿಗ್ರಿ ಮ್ಯಾಲ ಬಿಸಿ ಅಂತೀರಿ, ಗಟ್ಟಿ ಐತಿ ಅಂತೀರಿ, ಎರಡೂ ಹೆಂಗ ಕೂಡ್ತಾವ?

ಕುಕ್ಕರ್ ನೋಡ್ರಿ. ಬೋಗಾಣಿಯೊಳಗ ನೀರು 100 ಡಿಗ್ರಿಗೆ ಕುದಿಯತೈತಿ, ಕುಕ್ಕರ್ ಒಳಗ ಒತ್ತಡ ಇರೂದಕ್ಕ 120ರ ತನಕ ಕುದಿಯೂದಿಲ್ಲ. ಒತ್ತಡ ಬಿದ್ದಂಗ ಕುದಿಯೋ ಬಿಂದು ಮ್ಯಾಲ ಹೋದಂಗ ಕಬ್ಬಿಣ ಕರಗೋ ಬಿಂದುನೂ ಮ್ಯಾಲ ಹೋಗತೈತಿ. ನಟ್ಟನಡುವ ಇರೋ ಒತ್ತಡ ನಮ್ಮ ಗಾಳಿ ಒತ್ತಡದ 36 ಲಕ್ಷ ಪಟ್ಟು. ಅಷ್ಟು ಅದುಮಿದ್ರ ಕರಗಾಕ ಜಾಗನ ಇರೂದಿಲ್ಲ.

ಇಷ್ಟು ಕೋಟಿ ವರ್ಷ ಆದ್ರೂ ಒಳಗಿನ ಬಿಸಿ ಯಾಕ ಆರಿಲ್ಲ?

ಒಂದು, ಕಲ್ಲು ಕೌದಿ ಇದ್ದಂಗ, ಬಿಸಿ ಬಿಡೂದ ಇಲ್ಲ. ಎರಡು, ಒಲಿ ಇನ್ನೂ ಉರಿಯಾಕ ಹತ್ತೈತಿ. ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಕಲ್ಲಿನೊಳಗ ಚೂರು ಚೂರು ಇರತಾವ, ಅವು ಒಡಕೋತ ಬಿಸಿ ಕೊಡತಾವ. ಹೊರಗ ಬರೋ ಬಿಸಿಯೊಳಗ ಅರ್ಧದ ಹತ್ರ ಅದರದ್ದು, ಉಳದದ್ದು 450 ಕೋಟಿ ವರ್ಷದ ಹಿಂದ ಭೂಮಿ ಹುಟ್ಟುವಾಗ ಬಡದಾಡಿ ಕೂಡಿಟ್ಟ ಹಳೇ ಬಿಸಿ.

## ಪ್ಲೇಟಿನ ವಿಷಯ

ಪ್ಲೇಟ್ ಅಂದ್ರ ಊಟದ ತಾಟಿನಂಗ ಏನ್ರಿ? ಯಾತರ ಮ್ಯಾಲ ತೇಲತಾವ?

ತಾಟು ಬಿಡ್ರಿ, ಒಣಗಿದ ಕಡಕ್ ರೊಟ್ಟಿ ತಲ್ಯಾಗ ಇಟ್ಕೋರಿ. ಮುರದ ರೊಟ್ಟಿ ಚೂರು ಒಂದಕ್ಕೊಂದು ತಾಗಿಸಿ ಜೋಡಿಸಿಟ್ರ ಹೆಂಗೋ ಹಂಗ ಭೂಮಿ ಮ್ಯಾಲಿನ ಪದರ ಒಡದೈತಿ, ದೊಡ್ಡವು ಏಳು, ಸಣ್ಣವು ಬಾಳ ಅದಾವ. ಬರೇ ತೊಗಟಿ ಅಲ್ಲ, ತೊಗಟಿ ಜೋಡಿ ಮ್ಯಾಂಟಲಿನ ಮ್ಯಾಲಿನ ಬಿರುಸು ಭಾಗ ಸೇರಿ 100 ಕಿಮೀ ಆಸುಪಾಸು ದಪ್ಪ. ಅದರ ಕೆಳಗಿನ ಮ್ಯಾಂಟಲ್ ಬಾಳ ಬಿಸಿ ಇರೂದಕ್ಕ ಮೆತ್ತಗ ಐತಿ, ಗಟ್ಟಿನೂ ಹೌದು ಹರಿಯೂದೂ ಹೌದು. ಡಾಂಬರ್ ಗಡ್ಡಿ ನೋಡೀರಲ್ಲ, ಹೊಡದ್ರ ಚೂರಾಗತೈತಿ, ಬಿಟ್ರ ದಿನಾ ಕಳದಂಗ ತಾನ ಹರದು ಚಪ್ಪಟಿ ಆಗತೈತಿ. ಹಂಗ. ನಿಮ್ಮ ಉಗುರು ಬೆಳಿಯೋ ವೇಗದಾಗ ಕಲ್ಲು ಹರಿಯತೈತಿ.

ಇಷ್ಟು ದೊಡ್ಡ ಬಂಡಿ ನೂಕೂದು ಯಾರು?

ನೂಕೂದಕ್ಕಿಂತ ಎಳಿಯೂದ ಹೆಚ್ಚು. ಸಮುದ್ರದ ನಡುವಿನ ದಿಬ್ಬದಾಗ ಹೊಸಾ ತಳ ಹುಟ್ಟತೈತಿ, ದೂರ ಹೋದಂಗ ತಣ್ಣಗಾಗಿ ಭಾರ ಆಗತೈತಿ, ಕಡೀಕ ಇನ್ನೊಂದು ಪ್ಲೇಟಿನ ಕೆಳಗ ಮುಣಗಾಕ ಸುರು ಮಾಡತೈತಿ. ಮುಣಗಿದ ತುದಿ ಉಳದದ್ದನ್ನ ಎಳಕೊಂಡು ಹೋಗತೈತಿ. ಹೊರಸಿನ ಮ್ಯಾಲಿನ ಕೌದಿ ಅರ್ಧಾ ಜೋತುಬಿದ್ರ ರಾತ್ರಿ ತಾನ ಜಾರಿ ಕೆಳಗ ಬೀಳತೈತಲ್ಲ, ಅದ ಲೆಕ್ಕ.

ಭಾರತ ಆಫ್ರಿಕಾಕ್ಕ ಅಂಟಿಕೊಂಡಿತ್ತು ಅಂತಾರ, ಅದಕ್ಕ ನಮ್ಮ ಕಡೆ ಏನರ ಪುರಾವೆ ಐತ್ಯಾ?

ಐತಿ, ನಿಮ್ಮ ಬಾವಿ ಕಟ್ಟಿದ ಕಲ್ಲಿನ್ಯಾಗ ಐತಿ. ಆ ಕರಿಕಲ್ಲು ಅಂದ್ರ ಆರಿದ ಲಾವಾ. ಲಾವಾ ಆರುವಾಗ ಅದರೊಳಗಿನ ಕಬ್ಬಿಣದ ಸಣ್ಣ ಹರಳು ದಿಕ್ಸೂಚಿ ಮುಳ್ಳಿನಂಗ ಆವತ್ತಿನ ಕಾಂತದ ದಿಕ್ಕಿಗೆ ತಿರಗಿ ಗಟ್ಟಿ ಆಗಿಬಿಡತಾವ. ಮುಳ್ಳು ಎಷ್ಟು ಬಾಗೈತಿ ಅನ್ನೂದರ ಮ್ಯಾಲ ಭೂಮಧ್ಯ ರೇಖೆಯಿಂದ ಎಷ್ಟು ದೂರ ಇದ್ದಾಗ ಆರಿದ್ದು ಅಂತ ಹೇಳಬಹುದು. 1950ರ ದಶಕದಾಗ ದಖ್ಖನ್ ಕರಿಕಲ್ಲನ್ನ ಹಿಂಗ ಅಳದಾಗ ಅದು ಹುಟ್ಟಿದ್ದು ಭೂಮಧ್ಯ ರೇಖೆಯ ದಕ್ಷಿಣಕ್ಕ ಅಂತ ಗೊತ್ತಾತು. ಈಗ ನಾವು ಉತ್ತರಕ್ಕ ಸುಮಾರು 17 ಡಿಗ್ರಿಗೆ ಇದ್ದೀವಿ. ಕಲ್ಲು ಹುಟ್ಟಿದಲ್ಲೇ ಇದ್ದದ್ದಲ್ಲ ಅಂದಂಗಾತು.

ಇದಕ್ಕೂ ಮೊದಲ, 1912ರಾಗ, ಜರ್ಮನಿಯ ಆಲ್ಫ್ರೆಡ್ ವೆಗೆನರ್ ಭೂಖಂಡ ಸರಿದಾವ ಅಂದಾಗ ಜನ ನಕ್ಕಿದ್ರು, ಆಂವ 1930ರಾಗ ಗ್ರೀನ್‌ಲ್ಯಾಂಡಿನ ಹಿಮದಾಗ ಸತ್ತ, ತನ್ನ ಮಾತು ಗೆದ್ದದ್ದು ನೋಡಲಿಲ್ಲ. ಹಳೇ ಕೂಡು ಭೂಖಂಡಕ್ಕ ಗೊಂಡ್ವಾನ ಅಂತಾರ, ಆ ಹೆಸರು ನಮ್ಮ ಮಧ್ಯ ಭಾರತದ ಗೊಂಡರ ನಾಡಿಂದ. ಮಲ್ಪಿ ಹತ್ರ ಸೇಂಟ್ ಮೇರೀಸ್ ದ್ವೀಪಕ್ಕ ಹೋದವರು ಕಂಬ ನಿಲ್ಲಿಸಿದಂಥ ಕಲ್ಲಿನ ಮುಂದ ಸೆಲ್ಫಿ ತಗೊಂಡು ಬರತೀರಿ, ಆ ಕಲ್ಲು ಮಡಗಾಸ್ಕರ್ ನಮ್ಮಿಂದ ಹರದು ಹೋಗುವಾಗ, 8.8 ಕೋಟಿ ವರ್ಷದ ಹಿಂದ, ಉಕ್ಕಿ ಬಂದದ್ದು.

ಈಗೂ ನಾವು ಸರಿಯಾಕ ಹತ್ತೀವೇನು?

ಹೌದ್ರಿ, ಈಶಾನ್ಯಕ್ಕ, ವರ್ಷಕ್ಕ ಸುಮಾರು 5 ಸೆಂಟಿಮೀಟರ್. ಬೆಂಗಳೂರಿನ ಐಐಎಸ್‌ಸಿ ಒಳಗ ಇರೋ ಜಿಪಿಎಸ್ ಅದನ್ನ ಅಳಿಯತೈತಿ. ಗೋಳಗುಮ್ಮಟ ಕಟ್ಟಿದ್ದು 1656 ಅಂತ ಹಿಡದ್ರ ಇವತ್ತಿನ ತನಕ ಅದು 18 ಮೀಟರ್ ಮ್ಯಾಲ ಸರದೈತಿ. ಜೋಡಿಗೆ ನಿಮ್ಮ ಮನಿ, ಹೊಲ, ಬದು ಎಲ್ಲಾ ಸರದಾವ, ಅದಕ್ಕ ಬಾಜೂದವರ ಜೋಡಿ ಬದುವಿನ ಜಗಳಕ್ಕ ಇದನ್ನ ತರಬ್ಯಾಡ್ರಿ. ಒಬ್ಬರು ಖರೇನ ಕೇಳಿದ್ರು.

## ನಮ್ಮ ನೆಲ

ಕರಿಕಲ್ಲು ಲಾವಾ ಅಂತೀರಲ್ಲ, ಮತ್ತ ಜ್ವಾಲಾಮುಖಿ ಎಲ್ಲೈತ್ರಿ? ಒಂದು ಗುಡ್ಡನೂ ಕಾಣೂದಿಲ್ಲ

ಗುಡ್ಡದ ತುದಿಯಿಂದ ಉಗುಳಿದ ಲಾವಾ ಅಲ್ಲ ಇದು. ನೆಲ ಉದ್ದುದ್ದಕ ಸೀಳಿ, ಆ ಸೀಳಿನಿಂದ ಹಾಲು ಉಕ್ಕಿದಂಗ ಉಕ್ಕಿ ಹರದದ್ದು. 6.6 ಕೋಟಿ ವರ್ಷದ ಹಿಂದಿನ ಮಾತು. ಒಮ್ಮೆ ಹರದು ಆರಿತು, ಎಷ್ಟೋ ಸಾವಿರ ವರ್ಷ ಬಿಟ್ಟು ಮತ್ತ ಹರೀತು, ಹಿಂಗ ಪದರದ ಮ್ಯಾಲ ಪದರ ಕುಂತು ಇವತ್ತಿಗೂ 5 ಲಕ್ಷ ಚದರ ಕಿಮೀ ಉಳದೈತಿ. ಸಹ್ಯಾದ್ರಿ ಕಡೆ ಬಾಳ ದಪ್ಪ. ಕರಾಡದ ಹತ್ರ ಭೂಕಂಪದ ಅಭ್ಯಾಸಕ್ಕ ಸರ್ಕಾರದವರು 3 ಕಿಮೀ ಬೋರ್ ಹೊಡದಾಗ ಸುಮಾರು 1.2 ಕಿಮೀ ತನಕ ಬರೇ ಕರಿಕಲ್ಲ ಬಂತು, ಆಮ್ಯಾಗ ಗ್ರಾನೈಟ್. ನಮ್ಮ ಕಡೆ ಬಂದಂಗ ತೆಳ್ಳಗ ಆಗತೈತಿ.

ಬೋರ್ ಹೊಡಸಿದವರಿಗೆ ಇದು ಕಣ್ಣಾರೆ ಕಂಡೈತಿ, ಅದು ಅದ ಅಂತ ಗೊತ್ತಿರೂದಿಲ್ಲ ಅಷ್ಟ. ಕರೀ ಪುಡಿ ಬರಕೋಂತ ಬರಕೋಂತ ಒಮ್ಮೆಲೇ ಕೆಂಪು ಪುಡಿ ಬರತೈತಿ, ಇಟಗಿ ಅರದಂಗ. ಅದು ಎರಡು ಲಾವಾ ನಡುವಿನ ಬಿಡುವಿನ್ಯಾಗ ಬಿಸಲು ಮಳಿಗೆ ಕರಗಿ ಆದ ಅವತ್ತಿನ ಮಣ್ಣು, ಮ್ಯಾಲಿನ ಲಾವಾ ಬಂದು ಸುಟ್ಟೈತಿ. ಬಿಳಿ ಹರಳು ಬಂದ್ರ ಲಾವಾದೊಳಗಿನ ಗಾಳಿ ಗುಳ್ಳಿ ಆಮ್ಯಾಗ ತುಂಬಿಕೊಂಡದ್ದು. ನೀರು ಸಿಗೂದೂ ಇಂಥ ಗುಳ್ಳಿ ಕಲ್ಲು, ಬಿರುಕು, ಎರಡು ಪದರ ಕೂಡೋ ಸಂದಿಯೊಳಗ. ಬಿರುಕಿಲ್ಲದ ಗಟ್ಟಿ ಕರಿಕಲ್ಲಿನ್ಯಾಗ ಸಾವಿರ ಫೂಟ್ ಹೋದ್ರೂ ಪುಡಿ ಅಷ್ಟ. ನಾನು ಪಾಯಿಂಟ್ ತೋರಿಸಿದ ಎಷ್ಟೋ ಬೋರ್ ಹಂಗ ಹೋಗ್ಯಾವ, ಅದನ್ನೂ ಹೇಳಿಬಿಡ್ತೀನಿ.

ಬದಾಮಿ ಕಲ್ಲು ಕೆಂಪು, ಇಳಕಲ್ಲಿಂದು ಗುಲಾಬಿ, ವಿಜಯಪುರದ್ದು ಕರೀದು. ಮೊದಲ ಎಲ್ಲಾ ಒಂದ ಜಿಲ್ಲಾ ಇತ್ತು, ಕಲ್ಲು ಯಾಕ ಹಿಂಗ?

ಜಿಲ್ಲಾ ಒಡದದ್ದು 1997ಕ್ಕ, ಕಲ್ಲು ಒಡದದ್ದು ಅದಕ್ಕಿಂತ ಸ್ವಲ್ಪ ಮೊದಲ! ಇಳಕಲ್ ಗ್ರಾನೈಟ್ ಎಲ್ಲಾದಕ್ಕಿಂತ ಹಿರಿಯಾ, ಸುಮಾರು 250 ಕೋಟಿ ವರ್ಷ, ಆಳದಾಗ ನಿಧಾನಕ ಆರಿದ್ದಕ್ಕ ದೊಡ್ಡ ದೊಡ್ಡ ಹರಳು. ಅದರ ಮ್ಯಾಲ ನೀರಿನ ತಳದಾಗ ಕುಂತ ಉಸುಕು, ಕೆಸರು, ಸುಣ್ಣ, ಇದಕ್ಕ ಭೂವಿಜ್ಞಾನದಾಗ ಕಲಾದಗಿ ಬೇಸಿನ್, ಅಂದ್ರ ಬೋಗುಣಿ, ಅಂತ ನಮ್ಮ ಕಲಾದಗಿ ಹೆಸರ ಇಟ್ಟಾರ, ಲೋಕಾಪುರ, ಬಾಗಲಕೋಟ ಕಡೆ ಸಿಮೆಂಟಿಗೆ ಹೋಗೋ ಸುಣ್ಣಕಲ್ಲು ಅದರದ್ದ. ಕರಿಕಲ್ಲು ಕಡೀಕ ಹುಟ್ಟಿದ ಕೂಸು.

ಇದರಾಗ ನನಗ ಬಾಳ ಸೇರೂದು ಒಂದೈತಿ. ಬಾಗಲಕೋಟದ ಹಳೇ ಪದರ 100 ಕೋಟಿ ವರ್ಷಕ್ಕಿಂತ ಹಳೇದು, ಮಡಚಿದ ಚಾದರಿನಂಗ ಸೊಟ್ಟ ಆಗ್ಯಾವ. ಅದರ ಮ್ಯಾಲ ಕುಂತ ಬದಾಮಿ ಕೆಂಪು ಕಲ್ಲಿನ ಪದರ ಹಾಸಿದಂಗ ಸಪಾಟ ಅದಾವ. ಅಂದ್ರ ಎರಡರ ನಡುವ ಯಾವಾಗೋ ಈ ನೆಲ ಎರಡೂ ಕಡಿಯಿಂದ ಒತ್ತಿಸಿಕೊಂಡೈತಿ, ಮ್ಯಾಲ ಎದ್ದೈತಿ, ಸವದೈತಿ, ಆಮ್ಯಾಗ ಬದಾಮಿ ಉಸುಕು ಬಂದು ಕುಂತೈತಿ. ಮೇಣಬಸದಿಗೆ, ಅಂದ್ರ ಬದಾಮಿ ಗವಿ ಗುಡಿಗೆ, ಹೋದಾಗ ಮೂರ್ತಿ ನೋಡಿದ ಮ್ಯಾಗ ಎರಡು ನಿಮಿಷ ಬಂಡಿ ಕಡೆನೂ ನೋಡ್ರಿ, ಓರಿ ಓರಿ ಗೆರಿ ಕಾಣತಾವ, ಹಳೇ ಹೊಳಿ ಉಸುಕು ಹಾಸಿದ ಗುರ್ತು.

ಮತ್ತ ಲಾವಾ ಬರತೈತ್ಯಾ?

ಇಲ್ಲ. ಅವತ್ತು ಲಾವಾ ಉಕ್ಕಿಸಿದ ಒಲಿ ನಮ್ಮ ಕೆಳಗ ಇತ್ತು, ನಾವು ಉತ್ತರಕ್ಕ ಸರದು ಬಂದೀವಿ, ಆ ಒಲಿ ಈಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗ ಉರಿಯಾಕ ಹತ್ತೈತಿ. ಭಾರತದಾಗ ಈಗ ಉರಿಯೂದು ಅಂದ್ರ ಅಂಡಮಾನಿನ ಬ್ಯಾರನ್ ದ್ವೀಪ ಒಂದ.

## ಭೂಕಂಪ

ಬ್ಯಾಸಿಗ್ಯಾಗ ಎರಿ ಹೊಲ ಕಾಲು ಹೋಗೂವಷ್ಟು ಬಿರುಕು ಬಿಡತೈತಿ, ಅದು ಭೂಕಂಪದ ಲಕ್ಷಣ ಏನ್ರಿ?

ಅಲ್ಲ. ಎರಿ ಮಣ್ಣು ನೀರು ಕುಡದು ಉಬ್ಬತೈತಿ, ಒಣಗಿ ಕುಗ್ಗತೈತಿ. ಮಳಿ ಬಿದ್ರ ಬಿರುಕು ತಾನ ಮುಚ್ಚತೈತಿ.

ನಾವು ಪ್ಲೇಟಿನ ನಟ್ಟನಡುವ ಇದ್ದೀವಿ ಅಂತೀರಿ, ಹಂಗಾದ್ರ ಕಿಲ್ಲಾರಿ ಯಾಕ ಆತು?

ಪ್ಲೇಟಿನ ಮುಂಭಾಗ ಹಿಮಾಲಯಕ್ಕ ಗುದ್ದಿ ನಿಂತೈತಿ, ಹಿಂದಿಂದ ನೂಕೂದು ನಿಂತಿಲ್ಲ, ಆ ಒತ್ತಡ ಇಡೀ ಪ್ಲೇಟಿನ್ಯಾಗ ಹಬ್ಬತೈತಿ. ಹಳೇ ಕಲ್ಲಿನ್ಯಾಗ ಕೋಟ್ಯಂತರ ವರ್ಷದ ಹಿಂದಿನ ಬಿರುಕು ಮುಚ್ಚಿಕೊಂಡು ಮಲಗಿರತಾವ, ಎಲ್ಲಿ ಸೋತಾವೋ ಅಲ್ಲಿ ಜಾರತಾವ. ಇಲ್ಲಿ ಒತ್ತಡ ಕೂಡೂದು ಬಾಳ ನಿಧಾನ, ಅದಕ್ಕ ಒಂದ ಜಾಗದಾಗ ಮತ್ತ ಮತ್ತ ಆಗೂದಿಲ್ಲ, ಜನರಿಗೆ ನೆನಪೂ ಇರೂದಿಲ್ಲ, ತಯಾರಿನೂ ಇರೂದಿಲ್ಲ.

ಕಿಲ್ಲಾರಿ ಇರೂದು ಮಹಾರಾಷ್ಟ್ರದ ಲಾತೂರ ಜಿಲ್ಲಾದಾಗ. 1993ರ ಸೆಪ್ಟೆಂಬರ್ 30, ಗಣಪತಿ ಕಳಿಸಿ ಜನ ದಣದು ಮಲಗಿದ್ರು, ನಸುಕಿನ 3 ಗಂಟೆ 56 ನಿಮಿಷ. ತೀವ್ರತಾ 6.2. ಇಂಥದ್ದು ಜಪಾನಿನ್ಯಾಗ ಆಗಿದ್ರ ಇಷ್ಟು ಸಾವು ಆಗ್ತಿರಲಿಲ್ಲ, ಇಲ್ಲಿ ಹತ್ತು ಸಾವಿರದ ಹತ್ರ ಜನ ಹೋದ್ರು. ಕೊಂದದ್ದು ಮನಿ. ಎರಡೆರಡು ಫೂಟಿನ ಕಲ್ಲಿನ ಗ್ವಾಡಿ, ನಡುವ ಬರೇ ಮಣ್ಣು, ಮ್ಯಾಲ ಕಟಗಿ ತೊಲಿ ಮ್ಯಾಲ ಮಣಗಟ್ಟಲೆ ಮಣ್ಣು ಹಾಕಿದ ಮ್ಯಾಳಗಿ. ಅಡ್ಡಡ್ಡ ಅಲುಗಿದ ಕೂಡಲೇ ಗ್ವಾಡಿಯ ಒಳಮೈ ಹೊರಮೈ ಬ್ಯಾರೆ ಆಗಿ ಕುಸದು, ಮ್ಯಾಳಗಿ ಮೈಮ್ಯಾಲ ಬಂತು. ನಮ್ಮ ಹಳ್ಳ್ಯಾಗ ಇನ್ನೂ ಇಂಥ ಮನಿ ಅದಾವ, ನಮ್ಮ ಅಜ್ಜನ ಮನಿನೂ ಇಂಥದ್ದ. ಬಿಸಲಿಗೆ ತಂಪು, ಅದು ಖರೆ. ಆದ್ರ ವರ್ಷಾ ಸೋರತೈತಿ ಅಂತ ಮ್ಯಾಲ ಮ್ಯಾಲ ಮಣ್ಣು ಹೇರಬ್ಯಾಡ್ರಿ. ಗ್ವಾಡಿ ಹೊಸದಾಗಿ ಕಟ್ಟೋರು ಒಳಗಿಂದ ಹೊರಗಿನ ತನಕ ಹಾಯೂವಂಥ ಉದ್ದ ಕಲ್ಲು ನಡುನಡುವ ಇಡ್ರಿ, ಬಾಗಿಲದ ಮ್ಯಾಲ ಸುತ್ತ ಒಂದು ಕಾಂಕ್ರೀಟ್ ಪಟ್ಟಿ ಹಾಕ್ರಿ. 2002ರ ಸರ್ಕಾರಿ ನಕ್ಷೆಯೊಳಗ ಬೆಳಗಾವಿ, ವಿಜಯಪುರ ಎರಡೂ ಝೋನ್ 3ರಾಗ ಅದಾವ, ಅಂದ್ರ ಮಧ್ಯಮ ಅಪಾಯ.

ಆಲಮಟ್ಟಿ ತುಂಬಿದಾಗ ನೆಲ ಗುಡಗತೈತಿ ಅಂತಾರ, ಡ್ಯಾಮಿನಿಂದ ಭೂಕಂಪ ಆಗತೈತ್ಯಾ?

ಡ್ಯಾಮಿನಿಂದ ಆಗೂದು ಸುಳ್ಳಲ್ಲ. ಅದಕ್ಕ ಜಗತ್ತಿನ್ಯಾಗ ಎಲ್ಲಾರೂ ಕೊಡೋ ಉದಾಹರಣಿ ನಮ್ಮ ಬಾಜೂದ ಮಹಾರಾಷ್ಟ್ರದ ಕೊಯ್ನಾ. 103 ಮೀಟರ್ ಎತ್ತರದ ಡ್ಯಾಮ್, 1962ರಿಂದ ನೀರು ತುಂಬಾಕ ಸುರು, 1967ರ ಡಿಸೆಂಬರ್ 11ರ ನಸುಕಿನ್ಯಾಗ 6.3 ತೀವ್ರತಾದ ಭೂಕಂಪ, ಆಮ್ಯಾಗ ಇವತ್ತಿನ ತನಕ ಸಣ್ಣ ಸಣ್ಣವು ನಿಂತ ಇಲ್ಲ. ನೀರು ಎರಡು ಕೆಲಸ ಮಾಡತೈತಿ, ತೂಕ ಹಾಕತೈತಿ, ಬಿರುಕಿನ್ಯಾಗ ಇಳದು ಬಿರುಕಿನ ಎರಡೂ ಮೈ ಅಗಲಿಸಿ ಜಾರೂವಂಗ ಮಾಡತೈತಿ. ಆದ್ರ ಮೊದಲ ಅಲ್ಲಿ ಜಾರಾಕ ತಯಾರಾಗಿರೋ ಬಿರುಕು ಇರಬೇಕು, ಡ್ಯಾಮ್ ಬರೇ ನೆವ. ಆಲಮಟ್ಟಿ ಕೊಯ್ನಾದ ಅರ್ಧದಷ್ಟು ಎತ್ತರ, ಹಿನ್ನೀರು ಅಗಲಕ್ಕ ಹಬ್ಬೈತಿ, ಹಳೇ ಬಾಗಲಕೋಟ ಮುಣಗಿಸಿದ್ದು ಆಳದಿಂದ ಅಲ್ಲ ಅಗಲದಿಂದ. ಕೊಯ್ನಾದಂಗ ಇಲ್ಲೂ ಅಂತ ಒಂದ ಏಟಿಗೆ ಹೇಳೂದು ತಪ್ಪು.

ರಾತ್ರಿ ಧಡ್ ಅಂತ ಸಪ್ಪಳ ಬಂತು, ಪಾತ್ರಿ ಅಲುಗಿದ್ವು. ಕ್ವಾರಿ ಬ್ಲಾಸ್ಟೋ ಭೂಕಂಪನೋ?

2021, 2022ರಾಗ ವಿಜಯಪುರ ಜಿಲ್ಲಾದಾಗ ಇಂಥವು ಆದಾಗ ನನ್ನ ಫೋನ್ ಆರಲೇ ಇಲ್ಲ. ಕೆಳಗ ಕೆಲವ ಕಿಲೋಮೀಟರ್ ಆಳದಾಗ ಆಗೋ ಸಣ್ಣ ಭೂಕಂಪ ಗುಡುಗಿನಂಗ ಸಪ್ಪಳ ಮಾಡತಾವ, ಪಿ ಅಲೆ ನೆಲದಿಂದ ಗಾಳಿಗೆ ಬಂದಾಗ ಅದ ಸಪ್ಪಳ. ಬ್ಲಾಸ್ಟ್ ಸಾಧಾರಣ ಹಗಲಿನ್ಯಾಗ. ಮಿಷನ್ನಿನ್ಯಾಗೂ ಗೊತ್ತಾಗತೈತಿ, ಬ್ಲಾಸ್ಟ್ ಆದ್ರ ಸುತ್ತಲೂ ಮೊದಲ ಏಟು ಹೊರಗ ನೂಕಿದಂಗ ಬರತೈತಿ, ಭೂಕಂಪ ಆದ್ರ ಕೆಲವು ಕಡೆ ನೂಕಿ ಕೆಲವು ಕಡೆ ಎಳದಂಗ ಬರತೈತಿ.

ಇಂಥಾ ತಾರೀಕಿಗೆ ದೊಡ್ಡ ಭೂಕಂಪ ಅಂತ ವಾಟ್ಸಾಪ್ ಬಂದೈತಿ, ಮನಿ ಬಿಟ್ಟು ಹೊರಗ ಮಲಗಬೇಕಾ?

ತಾರೀಕು ಹೇಳೋ ವಿದ್ಯಾ ಯಾರ ಕಡೆನೂ ಇಲ್ಲ. ಡಿಲೀಟ್ ಮಾಡಿ ಮಲಗ್ರಿ.

## ಸ್ವಲ್ಪ ಆಳದ್ದು

4.2 ಮತ್ತ 6.2ಕ್ಕ ಬರೇ ಎರಡು ನಂಬರ್ ಫರಕ್, ಅಷ್ಟ್ಯಾಕ ಹೆದರಸ್ತೀರಿ?

ಒಂದು ನಂಬರ್ ಏರಿದ್ರ ಶಕ್ತಿ ಸುಮಾರು 32 ಪಟ್ಟು. ಎರಡು ಏರಿದ್ರ 32ರ ಮ್ಯಾಲ 32, ಸಾವಿರ ಪಟ್ಟು. ಜನಧನ ಖಾತಾದ ಬಡ್ಡಿ ಅಲ್ಲ ಇದು.

ದಿಕ್ಸೂಚಿ ಉತ್ತರ ದಕ್ಷಿಣ ಅದಲುಬದಲು ಆಗತೈತಂತ, ಅವತ್ತು ಏನಾಗತೈತಿ?

ಕಾಂತ ಹುಟ್ಟೂದು ಹೊರಗರ್ಭದ ಕರಗಿದ ಕಬ್ಬಿಣ ಕಲಕೂದರಿಂದ, ಡೈನಮೋ ಇದ್ದಂಗ. ಕೊನೀಗೆ ಪೂರಾ ತಿರುವು ಆದದ್ದು 7.8 ಲಕ್ಷ ವರ್ಷದ ಹಿಂದ. ಒಂದ ದಿನಕ್ಕ ಆಗೂದಲ್ಲ, ಸಾವಿರಾರು ವರ್ಷ ಹಿಡಿಯತೈತಿ. ನಮ್ಮ ದಖ್ಖನ್ ಲಾವಾದ ಬಾಳಷ್ಟು ಭಾಗ ಹಿಂಗ ಉಲ್ಟಾ ಕಾಂತ ಇದ್ದಾಗ ಹರದದ್ದು, ಆ ಮುಳ್ಳು ಈಗೂ ಕಲ್ಲಿನ್ಯಾಗ ಉಲ್ಟಾ ಐತಿ.

ಭಾರತಕ್ಕೂ ಏಷ್ಯಾಕ್ಕೂ ನಡುವ ಸಮುದ್ರ ಇತ್ತಲ್ಲ, ಗುದ್ದಿದ ಮ್ಯಾಗ ಆ ಸಮುದ್ರ ಎಲ್ಲಿ ಹೋತು?

ಇದನ್ನ ಕೇಳಿದಾಕಿ ಎಂಟನೇ ಇಯತ್ತೆ ಹುಡುಗಿ, ಮುಧೋಳ ಕಡೆಯಾಕಿ. ಆ ಸಮುದ್ರಕ್ಕ ತೆಥಿಸ್ ಅಂತಾರ. ತಳದ ಮ್ಯಾಲಿನ ಕೆಸರು, ಚಿಪ್ಪು ಸ್ವಲ್ಪ ಕೆರದು ಎದ್ದು ಹಿಮಾಲಯ ಆತು, ಎವರೆಸ್ಟ್ ತುದಿಯೊಳಗೂ ಸಮುದ್ರದ ಸುಣ್ಣಕಲ್ಲು ಐತಿ. ತಳದ ಕಲ್ಲು ಏಷ್ಯಾದ ಕೆಳಗ ಮುಣಗಿತು. ಈಗ ಆಸ್ಪತ್ರ್ಯಾಗ ಸ್ಕ್ಯಾನ್ ಮಾಡಿದಂಗ ಸಾವಿರಾರು ಭೂಕಂಪದ ಅಲೆ ಕೂಡಿಸಿ ಮ್ಯಾಂಟಲಿನ ಚಿತ್ರ ತಗೀತಾರ. ತಂಪು ಕಲ್ಲಿನ್ಯಾಗ ಅಲೆ ಸ್ವಲ್ಪ ಜೋರ ಹೋಗತಾವ, ಹಂಗ ಜೋರ ಹೋಗೋ ದೊಡ್ಡ ದೊಡ್ಡ ಹಾಳಿ ಭಾರತದ ಕೆಳಗ ಸಾವಿರ ಕಿಮೀಗಿಂತ ಆಳದಾಗ ಕಂಡಾವ. ಮುಣಗಿದ್ದು ಹಿಂದ ಉಳೀತು, ಭಾರತ ಅದರ ಮ್ಯಾಲ ಹಾದು ಮುಂದ ಉತ್ತರಕ್ಕ ಬಂತು. ಹಂಗಾಗಿ ಆ ಹುಡುಗಿಗೆ ಹೇಳಿದ ಉತ್ತರ ಇದು: ಸಮುದ್ರ ಎಲ್ಲೂ ಹೋಗಿಲ್ಲವಾ, ಅದರ ತಳ ಭಾರತದ ಕೆಳಗ ಐತಿ, ಇನ್ನೂ ಪೂರಾ ಬಿಸಿ ಆಗಿಲ್ಲ, ಇನ್ನೂ ಕೆಳಗ ಹೊಂಟೈತಿ.